ಹೋಟೆಲ್ ಪಾಯಿಂಟನ್ನು ಮೈಲ್ಸ್ ಮಾಡಿದರೆ ಅದು ಮಂಗಳೂರಿಗೆ ಹಾರುವುದಿಲ್ಲ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಹೋಟೆಲ್‌ನಲ್ಲಿ ತಂಗಿದ್ದಕ್ಕೆ ಸಿಗುವ ಪಾಯಿಂಟ್‌ಗಳನ್ನು ವಿಮಾನ ಕಂಪನಿಯ ಮೈಲ್ಸ್, ಎಂದರೆ ಟಿಕೆಟ್‌ಗೆ ಬಳಸುವ ಅಂಕ, ಮಾಡಿಕೊಂಡು ಪುಕ್ಕಟೆ ಟಿಕೆಟ್ ಪಡೆಯುವ ಬಗ್ಗೆ ಬರಹ ಬಂದಿತ್ತು. ಬರೆದವರು ಬೆಂಗಳೂರಿನಿಂದ ಓಡಾಡುವವರು ಎಂದು ಕಾಣುತ್ತದೆ. ಅವರ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ನಿಮ್ಮ ಪತ್ರಿಕೆಯನ್ನು ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಲ್ಲೂ ಓದುತ್ತಾರೆ. ನಮ್ಮ ಕಡೆಯ ಮಕ್ಕಳು ಗಲ್ಫ್‌ನಲ್ಲಿ ಕೂತು ಮೊಬೈಲ್‌ನಲ್ಲಿ ಓದುತ್ತಾರೆ. ಆ ಬರಹ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಮರುದಿನವೇ ದುಬೈಯಿಂದ ಫೋನ್ ಬಂತು, "ನನ್ನತ್ರ ಪಾಯಿಂಟ್ ಉಂಟು, ಮೈಲ್ಸ್ ಮಾಡಿಬಿಡಲಾ?" ಎಂದು. ಬೇಡ ಎಂದೆ. ಯಾಕೆ ಬೇಡ ಎಂಬುದನ್ನು ಒಬ್ಬೊಬ್ಬರಿಗೂ ಫೋನ್‌ನಲ್ಲಿ ಹೇಳುವುದಕ್ಕಿಂತ ನಿಮಗೆ ಬರೆಯುವುದೇ ಒಳ್ಳೆಯದು ಅನ್ನಿಸಿತು. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಲೆಕ್ಕದ ಭಾಗವನ್ನು ಕತ್ತರಿಸಬೇಡಿ.

ನಾನು ದುಬೈಯ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಊರಿಗೆ ಬಂದವನು. ಈಗ ನೀರ್ಚಾಲಿನ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಚೆಕ್‌ಇನ್‌ಗೆ ಬಂದವರ ಪಾಸ್‌ಪೋರ್ಟ್ ಕಾಪಿ ತೆಗೆದು, ಕೀ ಕಾರ್ಡ್ ಕೈಗೆ ಕೊಡುವ ಮೊದಲು "ಮೆಂಬರ್ ಆಗಿದ್ದೀರಾ ಸರ್?" ಎಂದು, ಎಂದರೆ ಹೋಟೆಲ್‌ನ ಪಾಯಿಂಟ್ ಯೋಜನೆಗೆ ಸೇರಿದ್ದೀರಾ ಎಂದು, ಕೇಳುವುದು ನಮ್ಮ ಕೆಲಸದ ಭಾಗ. ತಿಂಗಳಿಗೆ ಯಾರು ಎಷ್ಟು ಜನರನ್ನು ಸೇರಿಸಿದರು ಎಂಬ ಲೆಕ್ಕವನ್ನು ಸೂಪರ್‌ವೈಸರ್ ಇಟ್ಟಿರುತ್ತಿದ್ದರು.

ಮೆಂಬರ್ ಎಂದರೆ ಸೂಟು ಹಾಕಿದ ದೊಡ್ಡ ಸಾಹೇಬರು ಮಾತ್ರ ಎಂದು ಊರಲ್ಲಿ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಲಿಫ್ಟ್ ಕಂಪನಿಯ ಟೆಕ್ನಿಷಿಯನ್, ಜನರೇಟರ್ ರಿಪೇರಿಗೆ ಬಂದವರು, ಆಸ್ಪತ್ರೆಗೆ ಯಂತ್ರ ಕೂರಿಸಲು ಬಂದ ಎಂಜಿನಿಯರ್, ಔಷಧಿ ಕಂಪನಿಯ ಹುಡುಗರು, ಇವರೆಲ್ಲ ಕಂಪನಿ ಖರ್ಚಿನಲ್ಲಿ ತಂಗುತ್ತಾರೆ. ಬಾಡಿಗೆ ಕಂಪನಿ ಕೊಟ್ಟರೂ ಪಾಯಿಂಟ್ ಬೀಳುವುದು ತಂಗಿದವನ ಖಾತೆಗೆ. ರೂಮನ್ನು ಹೋಟೆಲ್‌ನವರ ಸ್ವಂತ ವೆಬ್‌ಸೈಟ್, ಆ್ಯಪ್‌ನಂಥ ಅವರು ಒಪ್ಪುವ ದಾರಿಯಲ್ಲಿ ಬುಕ್ ಮಾಡಿರಬೇಕು, ಅಷ್ಟೇ. ಬೇರೆ ಟ್ರಾವೆಲ್ ಸೈಟ್‌ನಲ್ಲಿ ಬುಕ್ ಮಾಡಿದರೆ ಸಾಮಾನ್ಯವಾಗಿ ಪಾಯಿಂಟ್ ಇಲ್ಲ. ಹಡಗಿನ ಸಿಬ್ಬಂದಿಗೆ ಏಜೆಂಟರು ಒಟ್ಟಾಗಿ ಹಿಡಿಯುವ ರೂಮುಗಳಿಗೂ ಇಲ್ಲ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಅದನ್ನು ತಿಳಿಯದೆ ಕೌಂಟರಿನಲ್ಲಿ ಬಂದು ಕೇಳುತ್ತಿದ್ದರು. ಇಲ್ಲ ಎಂದು ಹೇಳಲು ನನಗೇ ಬೇಜಾರಾಗುತ್ತಿತ್ತು.

ಹೀಗೆ ಬೆವರು ಸುರಿಸಿ ಊರೂರು ತಿರುಗುವವರ ಖಾತೆಯಲ್ಲಿ ಐವತ್ತು, ಅರವತ್ತು ಸಾವಿರ ಪಾಯಿಂಟ್ ಸೇರುವುದು ದೊಡ್ಡ ವಿಷಯವಲ್ಲ. ಅದು ಅವರ ಗಳಿಕೆ. ಆ ಗಳಿಕೆ ಒಂದು ಬಟನ್ ಒತ್ತಿದ ಕೂಡಲೇ ಎಷ್ಟು ಕರಗುತ್ತದೆ ಎಂಬುದೇ ನಾನು ಹೇಳಬೇಕಾದದ್ದು.

ಮ್ಯಾರಿಯಟ್ ಹೋಟೆಲ್‌ಗಳ ಬಾನ್‌ವಾಯ್ ಎಂಬ ಪಾಯಿಂಟ್ ಯೋಜನೆಯಲ್ಲಿ ಹೆಚ್ಚಿನ ವಿಮಾನ ಕಂಪನಿಗಳಿಗೆ 3 ಪಾಯಿಂಟ್ ಕೊಟ್ಟರೆ 1 ಮೈಲು. ಒಮ್ಮೆಗೇ 60,000 ಪಾಯಿಂಟ್ ಕಳುಹಿಸಿದರೆ ಅದರ ಮೇಲೆ 5,000 ಮೈಲು ಬೋನಸ್ ಸೇರಿ 25,000 ಮೈಲು ಆಗುತ್ತದೆ. ಬೋನಸ್ ಎಲ್ಲ ಕಂಪನಿಗೂ ಇಲ್ಲ, ಕೆಲವು ಕಂಪನಿಗಳಿಗೆ 2022ರಲ್ಲಿ ಅದನ್ನು ತೆಗೆದುಹಾಕಿದರು. ಹಿಲ್ಟನ್‌ನಲ್ಲಿ 10,000 ಪಾಯಿಂಟ್‌ಗೆ ಹೆಚ್ಚಾಗಿ ಸಿಗುವುದು 1,000 ಮೈಲು ಮಾತ್ರ. ಹಾಲಿಡೇ ಇನ್, ಕ್ರೌನ್ ಪ್ಲಾಜಾದವರ ಐಎಚ್‌ಜಿಯಲ್ಲಿ 10,000ಕ್ಕೆ 2,000. ಹಯಾತ್‌ನಲ್ಲಿ ಎರಡೂವರೆ ಪಾಯಿಂಟ್‌ಗೆ ಒಂದು ಮೈಲು, 50,000 ಪಾಯಿಂಟ್ ಒಟ್ಟಿಗೆ ಕಳುಹಿಸಿದರೆ 5,000 ಬೋನಸ್.

ಹಯಾತ್ ಎಷ್ಟು ಚೆಂದ ಅಂತ ಅನ್ನಿಸುತ್ತದೆ, ಅಲ್ವಾ? ಅಲ್ಲೇ ನೋಡಬೇಕು. ಪಾಯಿಂಟ್ ಬರುವ ದರವೂ ಒಂದೇ ಅಲ್ಲ. ಮ್ಯಾರಿಯಟ್, ಹಿಲ್ಟನ್, ಐಎಚ್‌ಜಿಯ ಹೆಚ್ಚಿನ ಹೋಟೆಲ್‌ಗಳಲ್ಲಿ ಸಾಮಾನ್ಯ ಮೆಂಬರ್‌ಗೆ ಒಂದು ಡಾಲರ್ ಬಾಡಿಗೆಗೆ 10 ಪಾಯಿಂಟ್. ಹಯಾತ್‌ನಲ್ಲಿ 5. ಹಾಗಾಗಿ ಪಾಯಿಂಟ್‌ನಿಂದ ಲೆಕ್ಕ ಹಿಡಿಯಬಾರದು, ಬಾಡಿಗೆಯಿಂದ ಹಿಡಿಯಬೇಕು. ಒಬ್ಬ ಹುಡುಗ 6,000 ಡಾಲರ್ ಬಾಡಿಗೆಯಷ್ಟು ತಂಗಿದ ಎಂದಿರಲಿ. ದಿರ್ಹಮ್‌ನಲ್ಲಿ ಸುಮಾರು 22,000. ಯಾಕೆಂದರೆ ದಿರ್ಹಮ್ 1997ರಿಂದ ಡಾಲರಿಗೆ 3.6725ರಲ್ಲೇ ನಿಂತಿದೆ. ಅಷ್ಟು ಬಾಡಿಗೆಗೆ ಮ್ಯಾರಿಯಟ್‌ನಿಂದ ಬೋನಸ್ ಸೇರಿ 25,000 ಮೈಲು. ಐಎಚ್‌ಜಿಯಿಂದ 12,000. ಹಯಾತ್‌ನಿಂದಲೂ 12,000, ಪಾಯಿಂಟ್ 30,000 ಮಾತ್ರ ಆಗುವುದರಿಂದ ಬೋನಸ್‌ನ ಹತ್ತಿರ ಹೋಗುವುದೇ ಇಲ್ಲ. ಹಿಲ್ಟನ್‌ನಿಂದ 6,000. ಒಂದೇ ಖರ್ಚು, ಒಂದೇ ದಣಿವು, ಆದರೆ ಕೈಗೆ ಬರುವುದರಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ನಿಮ್ಮ ಪುರವಣಿಯ ಬರಹದಲ್ಲಿ ಈ ವ್ಯತ್ಯಾಸದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇದು ಯಾಕೆ ಹೀಗೆ ಎಂದರೆ, ಒಳಗಿನ ವ್ಯವಹಾರವೇ ಹಾಗಿದೆ. ಮೆಂಬರ್ ತಂಗಿದಾಗ ಆ ಹೋಟೆಲ್ ತನ್ನ ಬಾಡಿಗೆಯಿಂದ ಒಂದು ಪಾಲನ್ನು ಕಂಪನಿಯ ಲಾಯಲ್ಟಿ ವಿಭಾಗಕ್ಕೆ, ಎಂದರೆ ಪಾಯಿಂಟ್ ನೋಡಿಕೊಳ್ಳುವವರಿಗೆ, ಕೊಡಬೇಕು. ಮೆಂಬರ್ ಪಾಯಿಂಟ್‌ನಲ್ಲಿ ರೂಮು ಪಡೆದರೆ ಅದೇ ವಿಭಾಗ ಹೋಟೆಲ್‌ಗೆ ಹಣ ಕೊಡುತ್ತದೆ. ದುಡ್ಡು ಸಂಸ್ಥೆಯೊಳಗೇ ತಿರುಗುತ್ತದೆ. ಮೈಲ್ಸ್ ಮಾಡಿದರೆ ಹಾಗಲ್ಲ. ಅವರು ವಿಮಾನ ಕಂಪನಿಯಿಂದ ಮೈಲ್ಸ್ ಖರೀದಿಸಿ ನಿಮಗೆ ಕೊಡಬೇಕು. ದುಡ್ಡು ಹೊರಗೆ ಹೋಗುತ್ತದೆ. ಆದ್ದರಿಂದ ದರವನ್ನು ಬಿಗಿಯಾಗಿಯೇ ಇಟ್ಟಿರುತ್ತಾರೆ. ಆ ಇಬ್ಬರ ನಡುವೆ ದರ ತೀರ್ಮಾನವಾಗುವಾಗ ಪಾಯಿಂಟ್ ಗಳಿಸಿದವನನ್ನು ಕೇಳುವವರಿಲ್ಲ.

ಇನ್ನು ನಮ್ಮ ಊರಿನ ವಿಷಯ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲಿ.

ಕಾಸರಗೋಡಿನವರಿಗೆ ವಿಮಾನ ನಿಲ್ದಾಣ ಎಂದರೆ ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಕಣ್ಣೂರು. ಮಂಗಳೂರಿನಿಂದ ಗಲ್ಫ್‌ಗೆ ಹಾರುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೋ. ವಿದೇಶಿ ಕಂಪನಿಗಳು ಅಲ್ಲಿಗೆ ಬರುವುದಿಲ್ಲ. ಕಣ್ಣೂರು ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆಯಿತು. ವಿದೇಶಿ ಕಂಪನಿಗಳಿಗೂ ಅಲ್ಲಿ ಅನುಮತಿ ಕೊಡಿ ಎಂಬ ಕೂಗು ಅಂದಿನಿಂದ ಕೇಳುತ್ತಲೇ ಇದೆ. ಈಗ ದೊಡ್ಡ ಹೋಟೆಲ್ ಕಂಪನಿಗಳ ಮೈಲ್ಸ್ ಪಟ್ಟಿ ತೆರೆದು ನೋಡಿ. ಎದ್ದು ಕಾಣುವುದು ಎಮಿರೇಟ್ಸ್, ಎತಿಹಾದ್, ಕತಾರ್, ಸಿಂಗಾಪುರ, ಬ್ರಿಟಿಷ್ ಏರ್‌ವೇಸ್‌ನಂಥ ಹೆಸರುಗಳು. ಇವುಗಳಲ್ಲಿ ಯಾವುದೂ ಮಂಗಳೂರು ನಿಲ್ದಾಣವಿರುವ ಬಜ್ಪೆಯಲ್ಲಿ ಇಳಿಯುವುದಿಲ್ಲ. ಎಮಿರೇಟ್ಸ್ ಮೈಲ್ಸ್ ಇದ್ದವರು ಕೊಚ್ಚಿಗೋ ಬೆಂಗಳೂರಿಗೋ ಬಂದಿಳಿಯಬೇಕು. ಎತಿಹಾದ್, ಕತಾರ್ ಆದರೆ ಕೋಝಿಕ್ಕೋಡಿನ ಕರಿಪ್ಪೂರ್ ನಿಲ್ದಾಣ ಸ್ವಲ್ಪ ಹತ್ತಿರ. ಹತ್ತಿರ ಎಂದರೂ ಕಾಸರಗೋಡಿನಿಂದ 200 ಕಿಲೋಮೀಟರಿನ ಆಚೆ ಈಚೆ.

ಎರಡು ಚಿಕ್ಕ ಮಕ್ಕಳು, ನಾಲ್ಕು ಪೆಟ್ಟಿಗೆ, ಜುಲೈ ತಿಂಗಳ ಮಳೆ. ಕೊಚ್ಚಿ ನಿಲ್ದಾಣವಿರುವ ನೆಡುಂಬಾಶ್ಶೇರಿಯಲ್ಲಿ ಇಳಿದು, ಆಲುವಾಕ್ಕೆ ಹೋಗಿ, ರೈಲು ಹಿಡಿದು ಕಾಸರಗೋಡು. ಅಥವಾ ಬೆಂಗಳೂರಿನಲ್ಲಿ ಇಳಿದು ರಾತ್ರಿ ಬಸ್ಸು, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಅಲ್ಲೇ ಬಾಕಿ. ಟ್ಯಾಕ್ಸಿ ಮಾಡಿದರೆ ಪುಕ್ಕಟೆ ಟಿಕೆಟ್‌ನಲ್ಲಿ ಉಳಿದ ದುಡ್ಡು ಅದಕ್ಕೇ ಹೋಯಿತು. ಬೆಂಗಳೂರಿನ ಲೇಖಕರಿಗೆ ಈ ಕೊನೆಯ ತುಂಡು ದಾರಿ ಇಲ್ಲ. ನಮಗೆ ಅದೇ ದೊಡ್ಡದು.

ನನ್ನ ಸೋದರಳಿಯನ ವಿಷಯ ಹೇಳುತ್ತೇನೆ. ಅವನು ಅಬುಧಾಬಿಯಲ್ಲಿ ಒಂದು ಎಸಿ ಕಂಪನಿಯಲ್ಲಿದ್ದಾನೆ. ಕೆಲಸದ ಮೇಲೆ ಊರೂರು ತಂಗಿ ಪಾಯಿಂಟ್ ಕೂಡಿಸಿದ್ದ. ಅಮ್ಮನನ್ನು, ಎಂದರೆ ನನ್ನ ಅಕ್ಕನನ್ನು, ಒಮ್ಮೆ ಕರೆಸಿಕೊಳ್ಳಬೇಕೆಂಬ ಆಸೆ. ಆಫರ್ ಇವತ್ತೇ ಕೊನೆ ಎಂಬ ಇಮೇಲ್ ಬಂತು. ಇದ್ದ ಪಾಯಿಂಟನ್ನೆಲ್ಲ ಮೈಲ್ಸ್ ಮಾಡಿದ. ಅಂದು ರಾತ್ರಿ ವಿಮಾನ ಕಂಪನಿಯ ಸೈಟ್‌ನಲ್ಲಿ ಸೀಟು ತೋರಿಸುತ್ತಿತ್ತು. ಮೈಲ್ಸ್ ಖಾತೆಗೆ ಬರಲು ಕೆಲವು ದಿನ ಹಿಡಿಯಿತು. ಬರುವಷ್ಟರಲ್ಲಿ ಆ ಸೀಟು ಇಲ್ಲ. ರಜೆಯ ಸಮಯವಾದ್ದರಿಂದ ಮುಂದಿನ ವಾರಗಳಲ್ಲೂ ಇಲ್ಲ. ಇದ್ದ ಒಂದೆರಡು ದಿನ ಇಮ್ಮಡಿ ಮೈಲ್ಸ್ ಕೇಳಿತು. ಮೇಲಿಂದ ತೆರಿಗೆ, ಸರ್‌ಚಾರ್ಜ್ ಎಂದು ನಗದು ಬೇರೆ. ಹೋಟೆಲ್‌ನವರಿಗೆ ಫೋನ್ ಮಾಡಿ ಪಾಯಿಂಟ್ ವಾಪಸ್ ಕೊಡಿ ಎಂದರೆ ಒಮ್ಮೆ ಹೋದದ್ದು ಬರುವುದಿಲ್ಲ ಎಂದರು. ನಿಯಮ ಹಾಗೆಯೇ ಇದೆ, ಎಲ್ಲ ಕಡೆಯೂ. "ಮಾವ, ಅಮ್ಮನಿಗೆ ಏನು ಹೇಳುವುದು?" ಎಂದು ಕೇಳಿದ. ಕೊನೆಗೆ ಅಕ್ಕ ಮಂಗಳೂರಿನಿಂದ ದುಡ್ಡು ಕೊಟ್ಟು ತೆಗೆದ ಟಿಕೆಟ್‌ನಲ್ಲೇ ಹೋದಳು. ಹುಡುಗನ ತಪ್ಪಲ್ಲ ಇದು. ಪರದೆಯ ಮೇಲೆ ಪುಕ್ಕಟೆ ಎಂದು ದೊಡ್ಡದಾಗಿ ಬರೆದು, ಉಳಿದದ್ದನ್ನು ಹತ್ತು ಪುಟದ ಇಂಗ್ಲಿಷ್ ಷರತ್ತಿನಲ್ಲಿ ಇಟ್ಟವರದ್ದು.

ಹೆಸರಿನ ತೊಡಕಂತೂ ನಮ್ಮವರಿಗೇ ಮಾಡಿಟ್ಟ ಹಾಗಿದೆ. ಹೋಟೆಲ್ ಖಾತೆಯ ಹೆಸರೂ ವಿಮಾನದ ಖಾತೆಯ ಹೆಸರೂ ಒಂದೇ ಇರಬೇಕು, ಇಲ್ಲವಾದರೆ ಮೈಲ್ಸ್ ಹೋಗುವುದಿಲ್ಲ. ನಮ್ಮ ಕಡೆ ಹಳೇ ಪಾಸ್‌ಪೋರ್ಟ್‌ಗಳಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಜಾಗ ಖಾಲಿ. ಕೆಲವರಿಗೆ ಅಲ್ಲಿ ಮನೆತನದ ಹೆಸರು, ಕೆಲವರಿಗೆ ಅಪ್ಪನ ಹೆಸರು. ಕೌಂಟರಿನಲ್ಲಿ ಫಾರಂ ತುಂಬುವಾಗ ಎರಡನೇ ಹೆಸರು ಕಡ್ಡಾಯ, ಏನಾದರೊಂದು ಹಾಕುತ್ತಾರೆ. 2022ರ ನವೆಂಬರ್‌ನಲ್ಲಿ ಯುಎಇಯವರು ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದ ವಿಸಿಟ್ ವೀಸಾದವರನ್ನು ಬಿಡುವುದಿಲ್ಲ ಎಂದಾಗ ನಮ್ಮ ಊರಲ್ಲಿ ಎಷ್ಟು ಗಲಿಬಿಲಿ ಆಯಿತು ಎಂದು ನೆನಪಿರಬಹುದು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಸಾಕು ಎಂದರು. ಆ ಸಮಯದಲ್ಲಿ ಪಾಸ್‌ಪೋರ್ಟ್ ತಿದ್ದಿಸಿದವರು ಹೋಟೆಲ್ ಖಾತೆಯ ಹೆಸರನ್ನೂ ತಿದ್ದಿಸಿದ್ದಾರಾ ಎಂದು ಈಗಲೇ ನೋಡಿಕೊಳ್ಳಿ. ಅದಕ್ಕೆ ಪಾಸ್‌ಪೋರ್ಟ್ ಪ್ರತಿ ಕಳುಹಿಸಿ ಕಸ್ಟಮರ್ ಕೇರ್‌ಗೆ ಬರೆಯಬೇಕು. ಬೇಗ ಆಗುವ ಕೆಲಸವಲ್ಲ.

ಅವಧಿಯ ಲೆಕ್ಕವೂ ಬದಲಾಗುತ್ತದೆ. ಮ್ಯಾರಿಯಟ್, ಹಿಲ್ಟನ್, ಹಯಾತ್ ಪಾಯಿಂಟ್‌ಗಳು 24 ತಿಂಗಳು ಖಾತೆಯಲ್ಲಿ ಯಾವ ಚಲನೆಯೂ ಇಲ್ಲದಿದ್ದರೆ ಸಾಯುತ್ತವೆ. ಐಎಚ್‌ಜಿಯಲ್ಲಿ ಸಾಮಾನ್ಯ ಮೆಂಬರ್‌ಗೆ 12 ತಿಂಗಳು. ನಡುವೆ ಒಂದು ರಾತ್ರಿ ತಂಗಿದರೂ ಸಾಕು, ಎಲ್ಲ ಪಾಯಿಂಟ್‌ಗೂ ಮತ್ತೆ ಜೀವ. ಆದರೆ ಎಮಿರೇಟ್ಸ್ ಮೈಲ್ಸ್‌ಗೆ 3 ವರ್ಷ, ಸಿಂಗಾಪುರದ್ದಕ್ಕೆ 36 ತಿಂಗಳು. ನೀವು ಎಷ್ಟು ಹಾರಿದರೂ ಆ ಗಡುವು ಮುಂದೆ ಹೋಗುವುದಿಲ್ಲ. ಕೆಲಸ ಬಿಟ್ಟು ಊರಿಗೆ ಬಂದು ಕೂತವರಿಗೆ ಇದು ದೊಡ್ಡ ಪೆಟ್ಟು.

ಕಂಪನಿಯೇ ನಿಂತುಹೋದರೆ? ನಾವು ಅದನ್ನೂ ನೋಡಿದ್ದೇವೆ. ಮಂಗಳೂರಿನಿಂದ ಗಲ್ಫ್‌ಗೆ ಹಾರುತ್ತಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದರ ಮೈಲ್ಸ್ ಯೋಜನೆ ಜೆಟ್‌ಪ್ರಿವಿಲೇಜ್ ಬೇರೆ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಉಳಿಯಿತು. ಆದರೆ ಮೈಲ್ಸ್ ಕೂಡಿಟ್ಟವರು ಯಾವ ಸೀಟಿಗಾಗಿ ಕೂಡಿಟ್ಟಿದ್ದರೋ ಆ ಸೀಟೇ ಇರಲಿಲ್ಲ. ಕಣ್ಣೂರಿನಿಂದ ಹಾರುತ್ತಿದ್ದ ಗೋ ಫಸ್ಟ್ 2023ರ ಮೇಯಲ್ಲಿ ನಿಂತಿತು. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ಸೇರಿದಾಗ ಮಾತ್ರ ಜನರ ಪಾಯಿಂಟ್‌ಗಳನ್ನು ಸರಿಯಾಗಿ ಆಚೆಗೆ ದಾಟಿಸಿದರು. ಹಾಗೆ ಮಾಡಲು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ.

ಹಾಗಾದರೆ ಪಾಯಿಂಟನ್ನು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ರೂಮಿಗೇ ಬಳಸಬೇಕು. ಒಂದು ಲೆಕ್ಕ ಹಾಕಿ ನೋಡಿ. ಇದು ಉದಾಹರಣೆ ಅಷ್ಟೇ, ದರ ದಿನದಿನಕ್ಕೂ ಬದಲಾಗುತ್ತದೆ. ಒಂದು ರೂಮಿಗೆ ತೆರಿಗೆ ಸೇರಿ 8,000 ರೂಪಾಯಿ, ಅದೇ ರೂಮಿಗೆ 10,000 ಪಾಯಿಂಟ್ ಎಂದಿರಲಿ. ಒಂದು ಪಾಯಿಂಟ್‌ಗೆ 80 ಪೈಸೆ ಬಂತು. 60,000 ಪಾಯಿಂಟ್‌ಗೆ 48,000 ರೂಪಾಯಿಯ ರೂಮು. ಅದೇ 60,000ವನ್ನು 25,000 ಮೈಲು ಮಾಡಿ 20,000 ರೂಪಾಯಿಯ ಟಿಕೆಟ್ ತೆಗೆದಿರಿ, ತೆರಿಗೆ ಎಂದು 7,000 ಕೈಯಿಂದ ಕೊಟ್ಟಿರಿ. ಉಳಿದದ್ದು 13,000. ಪಾಯಿಂಟ್‌ಗೆ 22 ಪೈಸೆಯೂ ಆಗಲಿಲ್ಲ. ಬಟನ್ ಒತ್ತುವ ಮೊದಲು ಪ್ರತಿಯೊಬ್ಬರೂ ತಮ್ಮದೇ ತಾರೀಕು, ತಮ್ಮದೇ ಊರು ಹಾಕಿ ಈ ಭಾಗಾಕಾರ ಮಾಡಬೇಕು. ಹೈಸ್ಕೂಲಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅವರ ಕೈಯಲ್ಲೇ ಮಾಡಿಸಬಹುದು.

ರೂಮು ನಮಗೆ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೆ ಓಡುತ್ತಾರೆ, ಅಲ್ಲಿಂದ ಕೆಲವರನ್ನು ಬೆಂಗಳೂರಿಗೆ, ಕೊಚ್ಚಿಗೆ ಕಳುಹಿಸುತ್ತಾರೆ. ರೋಗಿಯ ಜೊತೆ ಬಂದವರು ಆಸ್ಪತ್ರೆಯ ಹತ್ತಿರ ಎಲ್ಲಿ ಮಲಗುವುದು, ಎಲ್ಲಿ ಸ್ನಾನ ಮಾಡುವುದು ಎಂಬುದೇ ದೊಡ್ಡ ಚಿಂತೆ. ನಮ್ಮ ನೆರೆಯ ಮನೆಯವರಿಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆದಾಗ ಮಸ್ಕತ್‌ನಲ್ಲಿದ್ದ ಮಗ ತನ್ನ ಪಾಯಿಂಟ್‌ನಲ್ಲೇ ಅಮ್ಮನಿಗೂ ತಂಗಿಗೂ ರೂಮು ಮಾಡಿಕೊಟ್ಟ. ಬುಕಿಂಗ್‌ನಲ್ಲಿ ತಂಗುವವರ ಹೆಸರನ್ನೇ ಹಾಕಿಸಿದ್ದ. ಹಾಗೆ ಹಾಕಿಸದೆ ಹೋದರೆ ಕೌಂಟರಿನಲ್ಲಿ ಕೀ ಕೊಡುವುದಿಲ್ಲ. ಮ್ಯಾರಿಯಟ್‌ನಲ್ಲಿ ಪಾಯಿಂಟ್ ಮೇಲೆ 5 ರಾತ್ರಿ ಒಟ್ಟಿಗೆ ಬುಕ್ ಮಾಡಿದರೆ 4 ರಾತ್ರಿಯ ಪಾಯಿಂಟ್ ಮಾತ್ರ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಯ ಕೆಲಸಕ್ಕೆ 5 ರಾತ್ರಿ ಎಂಬುದು ಹೆಚ್ಚೇನಲ್ಲ. ಒಬ್ಬನ ಪಾಯಿಂಟ್ ಸಾಲದಿದ್ದರೆ ಅಣ್ಣತಮ್ಮಂದಿರದ್ದು ಸೇರಿಸಬಹುದು. ಮ್ಯಾರಿಯಟ್‌ನಲ್ಲಿ ಒಬ್ಬರು ವರ್ಷಕ್ಕೆ 1,00,000 ಪಾಯಿಂಟ್‌ವರೆಗೆ ಇನ್ನೊಬ್ಬ ಮೆಂಬರ್‌ಗೆ ಕೊಡಬಹುದು. ಹಿಲ್ಟನ್, ಹಯಾತ್‌ನಲ್ಲೂ ಕೂಡಿಸುವ ದಾರಿ ಉಂಟು.

ತಾಜ್ ಹೋಟೆಲ್‌ಗಳ ಲೆಕ್ಕ ಬೇರೆ, ನಮಗೆ ಅದು ಸ್ವಲ್ಪ ಅನುಕೂಲ. ಅಲ್ಲಿ ಪಾಯಿಂಟ್ ಬದಲು ಬರುವುದು ಟಾಟಾದವರ ನ್ಯೂಕಾಯಿನ್ ಎಂಬ ಅಂಕ. ಒಂದು ಕಾಯಿನ್‌ಗೆ ಒಂದು ರೂಪಾಯಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೂಡ ಅದೇ ನ್ಯೂಕಾಯಿನ್ ಕುಟುಂಬದ್ದು. ಆ ವಿಮಾನವಾದರೆ ಬಜ್ಪೆಗೂ ಬರುತ್ತದೆ, ಕಣ್ಣೂರಿಗೂ ಬರುತ್ತದೆ. ಮೂರಕ್ಕೆ ಒಂದು, ಹತ್ತಕ್ಕೆ ಒಂದು ಎಂಬ ಕಡಿತವಿಲ್ಲ. ಬೇಕಲದಲ್ಲೇ ತಾಜ್ ರೆಸಾರ್ಟ್ ಇದೆ, ಅಲ್ಲಿಗೆ ಕಂಪನಿ ಮೀಟಿಂಗ್‌ಗೆ ಹೋಗುವವರು ಇದನ್ನು ಗಮನಿಸಬೇಕು.

ಮೈಲ್ಸ್ ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಟಿಕೆಟ್‌ಗೆ ಬೇಕಾದಷ್ಟು ಮೈಲ್ಸ್ ಮೊದಲೇ ಇದ್ದು ಒಂದು, ಎರಡು ಸಾವಿರ ಕಡಿಮೆ ಬಿದ್ದರೆ ಅಷ್ಟನ್ನು ಹೋಟೆಲ್ ಪಾಯಿಂಟ್‌ನಿಂದ ತುಂಬಿಸುವುದು ಒಳ್ಳೆಯ ಉಪಾಯ. ಮ್ಯಾರಿಯಟ್‌ನಲ್ಲಿ 3,000 ಪಾಯಿಂಟ್‌ನಿಂದಲೇ ಕಳುಹಿಸಬಹುದು. ಅಮೆರಿಕ, ಕೆನಡಾದಲ್ಲಿರುವ ಮಕ್ಕಳು ವಯಸ್ಸಾದ ಅಪ್ಪ ಅಮ್ಮನನ್ನು ಬಿಸಿನೆಸ್ ಕ್ಲಾಸಿನಲ್ಲಿ ಕರೆಸಿಕೊಳ್ಳಬೇಕೆಂದರೂ ಲೆಕ್ಕ ಹೊಂದಬಹುದು, ಅಂಥ ಟಿಕೆಟ್‌ನ ಬೆಲೆ ಲಕ್ಷಗಳಲ್ಲಿರುತ್ತದೆ. ದುಬೈಯಿಂದ ಮೂರೂವರೆ, ನಾಲ್ಕು ಗಂಟೆ ಹಾರಿ ಊರಿಗೆ ಬರುವವರಿಗೆ ಇದು ಹೊಂದುವುದು ಅಪರೂಪ. ದಲ್ಲಾಳಿಗಳ ಕೈಗೆ ಪಾಯಿಂಟ್ ಮಾರುವವರೂ ಇದ್ದಾರೆ. ಅದು ಎಲ್ಲ ಯೋಜನೆಯ ನಿಯಮಕ್ಕೂ ವಿರುದ್ಧ, ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತಾರೆ, ಟಿಕೆಟ್ ರದ್ದಾಗುತ್ತದೆ. ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ, ಲಿಂಕ್ ಒತ್ತಿ ಎಂಬ ಮೆಸೇಜ್ ಬಂದರೆ ಒತ್ತಬೇಡಿ. ಒಟಿಪಿ ಯಾರಿಗೂ ಕೊಡಬೇಡಿ.

ಇನ್ನು ಸರಕಾರ ಮಾಡಬೇಕಾದ್ದು. ಬದಿಯಡ್ಕದಲ್ಲಿ ಅಡಿಕೆ ಕೊಡಲು ಹೋದರೆ ಖರೀದಿ ಕೇಂದ್ರದ ಬೋರ್ಡಿನಲ್ಲಿ ಅಂದಿನ ದರ ಬರೆದಿರುತ್ತದೆ. ನೋಡಿ, ಮನಸ್ಸಿದ್ದರೆ ಕೊಡುತ್ತೇವೆ, ಇಲ್ಲವಾದರೆ ಗೋಣಿ ವಾಪಸ್ ತರುತ್ತೇವೆ. ಪಾಯಿಂಟ್‌ಗೆ ಅಂಥ ಬೋರ್ಡೇ ಇಲ್ಲ. ಅಮೆರಿಕದ ಡೆಲ್ಟಾ ವಿಮಾನ ಕಂಪನಿ 2015ರಲ್ಲಿ ಎಷ್ಟು ಮೈಲ್ಸ್‌ಗೆ ಯಾವ ಟಿಕೆಟ್ ಎಂಬ ಪಟ್ಟಿಯನ್ನೇ ತೆಗೆದುಹಾಕಿತು. ಮ್ಯಾರಿಯಟ್ 2022ರಲ್ಲಿ ರೂಮಿನ ಪಾಯಿಂಟ್ ಪಟ್ಟಿಯನ್ನು ಕೈಬಿಟ್ಟಿತು. ಈಗ ಆ ಕ್ಷಣಕ್ಕೆ ಪರದೆಯಲ್ಲಿ ಏನು ತೋರಿಸುತ್ತಾರೋ ಅದೇ ದರ. ಅಮೆರಿಕದ ಸಾರಿಗೆ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದೊಡ್ಡ ವಿಮಾನ ಕಂಪನಿಗಳಿಂದ ಅವುಗಳ ಮೈಲ್ಸ್ ಯೋಜನೆಯ ವಿವರ ಕೇಳಿತು. ಅಪಮೌಲ್ಯ, ಗುಟ್ಟಿನ ದರ, ಮೇಲಿನ ಶುಲ್ಕಗಳ ಬಗ್ಗೆಯೇ ಆ ಪ್ರಶ್ನೆ. ನಮ್ಮಲ್ಲೂ ಕೇಳಬಾರದೇಕೆ?

ಕೇಳಲು ಕಾನೂನು ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಒಂದೇ ಕಡೆಗೆ ವಾಲಿದ ಕರಾರಿನ ವಿರುದ್ಧ ರಾಜ್ಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಯಲ್ಲಿ ಜಾಲತಾಣಗಳ 13 ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದು, ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಏರಿಸುವುದು, ಎರಡೂ ಅದರಲ್ಲಿವೆ. ವಿದೇಶಿ ಕಂಪನಿಯಾದರೂ ಭಾರತದ ಗ್ರಾಹಕರಿಗೆ ನಿಯಮಿತವಾಗಿ ಸೇವೆ ಮಾರುತ್ತಿದ್ದರೆ ಇದು ಅನ್ವಯಿಸುತ್ತದೆ. ದೂರು ಕೊಡಲು ಮುಂಬೈಗೆ ಹೋಗಬೇಕಾಗಿಲ್ಲ. ಮೋಸದ ವ್ಯಾಪಾರ, ಸೇವೆಯ ಕೊರತೆಯ ದೂರಾದರೆ ದೂರುದಾರ ಇರುವ ಜಿಲ್ಲೆಯ ಆಯೋಗದಲ್ಲೇ, ಎಂದರೆ ಕಾಸರಗೋಡಿನಲ್ಲೇ ಕೊಡಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಆ ಸಹಾಯವಾಣಿಯಲ್ಲಿ ಕನ್ನಡವೂ ಉಂಟು. ಕಚೇರಿಯಿಂದ ಕಚೇರಿಗೆ ಕನ್ನಡದ ಅರ್ಜಿ ಹಿಡಿದು ಅಲೆದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪಾಯಿಂಟನ್ನು ಮೈಲ್ಸ್ ಮಾಡುವ ಬಟನ್‌ನ ಮೇಲೆಯೇ, ಅದೇ ಪಾಯಿಂಟ್‌ಗೆ ಇಂದು ಎಷ್ಟು ರೂಪಾಯಿಯ ರೂಮು ಸಿಗುತ್ತದೆ ಎಂದು ತೋರಿಸುವುದು ಕಡ್ಡಾಯವಾಗಲಿ. ಬಟನ್ ಒತ್ತಿದ ಮೇಲೆ 48 ಗಂಟೆಯೊಳಗೆ ಮನಸ್ಸು ಬದಲಿಸಿದರೆ, ಮೈಲ್ಸ್ ಬಳಸದಿದ್ದರೆ, ಪಾಯಿಂಟ್ ವಾಪಸ್ ಬರಲಿ. ದರ ಇಳಿಸುವ ಮೊದಲು ಕನಿಷ್ಠ ಆರು ತಿಂಗಳ ನೋಟಿಸ್ ಕೊಡಲಿ. ಕೇಂದ್ರದ ಗ್ರಾಹಕ ಇಲಾಖೆ ಮನಸ್ಸು ಮಾಡಿದರೆ ಇದು ಒಂದು ಸುತ್ತೋಲೆಯ ಕೆಲಸ. ನಮ್ಮ ಸಂಸದರು ಕಣ್ಣೂರಿನ ವಿದೇಶಿ ವಿಮಾನದ ವಿಷಯವನ್ನು ಎತ್ತುವಾಗ ಇದನ್ನೂ ಸೇರಿಸಿ ಕೇಳಬೇಕು.

ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಪುರವಣಿಯಲ್ಲಿ ಅದೇ ಜಾಗದಲ್ಲಿ, ಯಾವ ಹೋಟೆಲ್ ಪಾಯಿಂಟ್ ಯಾವ ವಿಮಾನಕ್ಕೆ ಎಷ್ಟಕ್ಕೆ ಎಷ್ಟು, ಆ ವಿಮಾನ ನಮ್ಮ ಹತ್ತಿರದ ಯಾವ ನಿಲ್ದಾಣಕ್ಕೆ ಬರುತ್ತದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಹಾಕಿ. ಗಲ್ಫ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಸಿಗುವ ಮೊದಲು ಬಂದರೆ ಊರಿಗೆ ಹೊರಡುವವರಿಗೆ ಉಪಯೋಗ. ಪಟ್ಟಿ ಮಾಡಲು ನನ್ನ ಸಹಾಯ ಬೇಕಿದ್ದರೆ ಬರೆದುಕೊಡಲು ಸಿದ್ಧನಿದ್ದೇನೆ.

ಇತಿ,
ನಿಮ್ಮ ಓದುಗ,
ನೀರ್ಚಾಲು, ಕಾಸರಗೋಡು ಜಿಲ್ಲೆ